ರೊಪ್ಪದೊಳಗೆ ಹೋದ ಕಾಲು

ಮುರಿದ ಕಾಲನ್ನು ನನ್ನ ತಮ್ಮ ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದ. ಚಳ್ಳಕೆರೆಯ ಬಸ್ಸಿಗೆ ಬಂದು ಮೊಳಕಾಲ್ಮೂರಿನಲ್ಲಿ ಇಳಿದು, ಎರಡು ಊರುಗೋಲುಗಳ ಮೇಲೆ ತನ್ನ ಭಾರಿ ಮೈಯನ್ನು ತೂಗಿಸಿಕೊಂಡು ಆಸ್ಪತ್ರೆಯ ಕ್ವಾರ್ಟರ್ಸಿನವರೆಗೆ ನಡೆದಿದ್ದ. ನಾನು ಡ್ಯೂಟಿಗೆ ಹೊರಡಲು ಸೀರೆಗೆ ಪಿನ್ನು ಹಾಕಿಕೊಳ್ಳುತ್ತಿದ್ದೆ. ಅವನು ಜಗಲಿಯ ಮೇಲೆ ಕುಳಿತು ಗಂಟನ್ನು ನನ್ನ ಕಡೆಗೆ ತಳ್ಳಿದ.

“ಮತ್ತೆ ಮುರೀತಕ್ಕಾ.”

“ಮೂರನೇದು ಕಣೋ ಇದು!”

“ನಂಗೂ ಎಣಿಸಾಕೆ ಬರ್ತೈತೆ. ಮದ್ಲು ಒಂದ್ ಲೋಟ ನೀರು ಕೊಡು.”

ಇದು ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲದ ಮಾತು. ನಮ್ಮ ಹಟ್ಟಿ ಇರುವುದು ನನ್ನಿವಾಳದ ಕಡೆ. ಅಲ್ಲಿ ದೇವರ ಎತ್ತುಗಳ ಹಿಂಡು ಇದೆ. ಹಸು, ಹೋರಿ, ಕರು ಸೇರಿದ್ದರೂ ನಮ್ಮವರ ಬಾಯಲ್ಲಿ ಅವೆಲ್ಲ ಎತ್ತುಗಳೇ. ಆ ಎತ್ತುಗಳನ್ನು ಯಾರೂ ನೇಗಿಲಿಗೆ ಹೂಡುವುದಿಲ್ಲ, ಮಾರುವುದಿಲ್ಲ. ಸತ್ತರೆ ಮನೆಯವರನ್ನು ಮಣ್ಣು ಮಾಡಿದ ಹಾಗೆಯೇ ಮಣ್ಣು ಮಾಡುತ್ತಾರೆ. ಅವನ್ನು ಮೇಯಿಸಿ ಕಾಯುವವನು ಕಿಲಾರಿ. ನಮ್ಮಪ್ಪ ಕಿಲಾರಿಯಾಗಿದ್ದ, ಅಪ್ಪನ ನಂತರ ಕಿಲಾರಿಯ ಕೋಲು ನನ್ನ ತಮ್ಮನ ಕೈಗೆ ಬಂತು. ನಾನು ಓದಿ ದಾದಿಯಾದೆ.

ಒಂದು ಸಂಜೆ ಹಿಂಡು ಬಳ್ಳಾರಿ ರಸ್ತೆಯನ್ನು ದಾಟುತ್ತಿದ್ದಾಗ ಲಾರಿಯೊಂದು ವೇಗವಾಗಿ ಬಂತು. ತಮ್ಮ ಎರಡೂ ಕೈ ಅಗಲಿಸಿ ರಸ್ತೆಯ ನಡುವೆ ನಿಂತ. ಲಾರಿ ನಿಂತಿತು, ಆದರೆ ಅವನ ಎಡಗಾಲಿನ ಮೇಲೆ ಹತ್ತಿದ ಮೇಲೆ. ದಾವಣಗೆರೆಯಲ್ಲಿ ಮಂಡಿಯ ಕೆಳಗೆ ತೆಗೆದರು. ಪ್ರಜ್ಞೆ ಬಂದಾಗ ಅವನು ಕೇಳಿದ್ದು ಎತ್ತುಗಳ ವಿಚಾರ. ಒಂದಕ್ಕೂ ಏನೂ ಆಗಿಲ್ಲ ಎಂದೆ. “ಹಂಗಾದ್ರೆ ಸರಿ,” ಎಂದು ಕಣ್ಣು ಮುಚ್ಚಿದ. ಕಾಲಿನ ವಿಷಯ ಮರುದಿನ ಕೇಳಿದ.

ಹಟ್ಟಿಯ ಹಿರಿಯರು ಅವನಿಂದ ಕೋಲನ್ನು ಕಿತ್ತುಕೊಳ್ಳಲಿಲ್ಲ. ಆದರೆ ಒಂದು ಮಾತು ಹೇಳಿದರು. ಮಳೆ ಬಿದ್ದ ಮೇಲೆ ಹಿಂಡನ್ನು ಮೊಳಕಾಲ್ಮೂರು ಕಡೆಯ ಕಾವಲಿಗೆ, ಬ್ರಹ್ಮಗಿರಿಯ ಆಸುಪಾಸಿನ ಹುಲ್ಲಿಗೆ ಹೊಡೆದುಕೊಂಡು ಹೋಗುವ ರೂಢಿ. ಕಲ್ಲು, ಮುಳ್ಳು, ಏರಿಳಿತದ ದಾರಿ. ಹಿಂಡಿನ ಜೊತೆ ಅವನು ನಡೆದರೆ ಕೋಲು ಅವನದೇ, ನಡೆಯಲಾಗದಿದ್ದರೆ ಬೇರೆಯವನಿಗೆ. ಮೊದಲ ಮಳೆಗಾಲವನ್ನು ಗಾಯ ಮಾಯಲಿಲ್ಲವೆಂದು ಬಿಟ್ಟುಕೊಟ್ಟಿದ್ದರು. ಎರಡನೆಯದು ಹತ್ತಿರ ಬರುತ್ತಿತ್ತು.

ಮೊದಲ ಕಾಲು ಚಳ್ಳಕೆರೆಯ ಶಾಲೆಯೊಂದರಲ್ಲಿ ನಡೆದ ಉಚಿತ ಶಿಬಿರದ್ದು. ಹಗುರವಾಗಿತ್ತು, ನೋಡಲು ಚೆನ್ನಾಗಿತ್ತು. ನೂರು ಕಿಲೋ ಹತ್ತಿರದ ಆಳು, ದಿನವಿಡೀ ದನದ ಹಿಂದೆ ನಡೆಯುವವನು, ಅದನ್ನು ಹಾಕಿಕೊಂಡು ಎರಡು ತಿಂಗಳನ್ನೂ ಕಳೆಯಲಿಲ್ಲ. ಆಮೇಲೆ ದಾವಣಗೆರೆಯ ಕೃತಕ ಕಾಲಿನ ಕಾರ್ಖಾನೆಗೆ ಕರೆದುಕೊಂಡು ಹೋದೆ. ಅಲ್ಲಿಯ ಮೇಸ್ತ್ರಿ ಬಾಯಿಗೆ ಬಿಡುವೇ ಕೊಡದ ಮನುಷ್ಯ. ತಮ್ಮನನ್ನು ಮೇಲಿನಿಂದ ಕೆಳಕ್ಕೆ ನೋಡಿ, “ಏನ್ರಿ ಸಿಸ್ಟರ್, ಒಬ್ರನ್ನ ಕರ್ಕೊಂಡು ಬರ್ತೀನಿ ಅಂದಿದ್ರಿ, ಇಬ್ರನ್ನ ತಂದೀರಲ್ಲ!” ಎಂದಿದ್ದ.

ಅವನು ಕೊಟ್ಟ ಎರಡನೇ ಕಾಲೂ ಪಾದದಲ್ಲೇ ಸೀಳಿತು. ಮೂರನೆಯದಕ್ಕೆ ಮಂಡಿಯ ಎರಡೂ ಪಕ್ಕ ಉಕ್ಕಿನ ಪಟ್ಟಿ ಇಟ್ಟು, ಮೇಲೆ ತೊಡೆಗೆ ಬಿಗಿಯುವ ಅಗಲದ ಕವಚ ಸೇರಿಸಿದ. ಇಷ್ಟು ತೂಕವನ್ನು ಮಂಡಿ ಕೆಳಗೆ ಮೋಟುಗಾಲು ಕೂರುವ ಬಟ್ಟಲೊಂದೇ ಹೊರಲಾರದು, ತೊಡೆಯೂ ಹೊರಬೇಕು ಎಂದು ಬಿಡಿಸಿ ಹೇಳಿದ. ಕವಚ ಹೊರಗೆ ನೀಲಿ ರೆಕ್ಸಿನ್, ಒಳಗೆ ಮೆತ್ತನೆಯ ಬಟ್ಟೆ. ಇದು ಯಾತರದ್ದೆಂದು ತಮ್ಮ ಕೇಳಿದ್ದಕ್ಕೆ ರೆಕ್ಸಿನ್ ಎಂದಿದ್ದ. ಆ ಕಾಲಿನ ಮೇಲೆ ಮೇಸ್ತ್ರಿಗೆ ಎಷ್ಟು ಭರವಸೆಯೆಂದರೆ, ನನ್ನೆದುರಿಗೇ ಕಾಲನ್ನು ನೆಲಕ್ಕೆ ಕುಟ್ಟಿ ತೋರಿಸಿದ. ಉಕ್ಕಿಗೆ ಏನೂ ಆಗಲಿಲ್ಲ. ಮುರಿದದ್ದು ಮತ್ತೆ ಪಾದವೇ.

ನಾನು ಕಲಿತ ದಾದಿಯರ ಶಾಲೆಯಲ್ಲಿ ಹಾಸಿಗೆಯ ಮೂಲೆ ಮಡಿಕೆ ನೇರವಾಗಿರದಿದ್ದರೆ ತಿಂಡಿ ಸಿಗುತ್ತಿರಲಿಲ್ಲ. ಆ ಅಭ್ಯಾಸವನ್ನೇ ತಮ್ಮನಿಗೂ ಕಲಿಸಿದ್ದೆ. ಬೆಳಿಗ್ಗೆ ಮೋಟುಗಾಲನ್ನು ತೊಳೆದು ಒಣಗಿಸಬೇಕು, ಕನ್ನಡಿ ಹಿಡಿದು ಚರ್ಮ ಕೆಂಪಾಗಿದೆಯೇ ನೋಡಬೇಕು, ಒಗೆದ ಕಾಲುಚೀಲ ಹಾಕಬೇಕು, ತಿರುಪುಗಳನ್ನು ಮುಟ್ಟಿ ನೋಡಬೇಕು, ಸಂಜೆ ಬಿಚ್ಚಿದ ಮೇಲೆ ಮತ್ತೆ ಅದೇ. ಗೊಣಗುತ್ತಲೇ ಆದರೂ ಅವನು ಒಂದನ್ನೂ ತಪ್ಪಿಸುತ್ತಿರಲಿಲ್ಲ. ಅವನ ಮೋಟುಗಾಲು ನಮ್ಮ ವಾರ್ಡಿನ ಯಾವ ಗಾಯಕ್ಕಿಂತಲೂ ಚೊಕ್ಕವಾಗಿತ್ತು. ಹಾಗಿದ್ದರೂ ಪಾದ ಏಕೆ ಮುರಿಯುತ್ತದೆ ಎಂದು ನನಗೆ ತಿಳಿಯುತ್ತಿರಲಿಲ್ಲ.

ನೀರು ಕೊಟ್ಟು, ಟವೆಲು ಬಿಚ್ಚಿದೆ. ಮೊದಲು ಕೈಗೆ ಬಂದದ್ದು ಬೂಟು. ದಪ್ಪ ಹಿಮ್ಮಡಿಯ ಕಪ್ಪು ಬೂಟು, ಮೇಸ್ತ್ರಿ ಅಳತೆಗೆ ಕೊಂಡುಕೊಳ್ಳಿರೆಂದು ಹೇಳಿದ್ದು. ತಿರುಗಿಸಿ ನೋಡಿದೆ. ಅಟ್ಟೆ ಒಂದಿಷ್ಟು ಸವೆದಿತ್ತು, ಅಷ್ಟೆ. ಆಮೇಲೆ ಪಾದವನ್ನು ತಿರುಗಿಸಿದೆ.

ಅಂಗಾಲಿನ ತುಂಬ ಜಾಲಿ ಮುಳ್ಳು. ಹಿಮ್ಮಡಿಯಿಂದ ಬೆರಳಿನವರೆಗೆ, ಕೆಲವು ಬುಡದವರೆಗೆ ಹೊಕ್ಕು ಕಪ್ಪು ಚುಕ್ಕೆಗಳಾಗಿದ್ದವು, ಕೆಲವು ಇನ್ನೂ ಅರ್ಧ ಹೊರಗೆ ನಿಂತಿದ್ದವು. ಮುಂಭಾಗ ಬಾಯಿ ಬಿಟ್ಟಿತ್ತು. ಆ ಸೀಳಿನಿಂದ ಸಗಣಿ, ಗಂಜಲದ ವಾಸನೆ ಮುಖಕ್ಕೆ ಹೊಡೆಯಿತು. ಒಳಗಿನ ಮರ ಕೊಳೆತು ಮೆತ್ತಗಾಗಿತ್ತು. ನಾನು ಕೊಳೆತ ಗಾಯಗಳನ್ನು ಬೇಕಾದಷ್ಟು ನೋಡಿದವಳು. ಆದರೂ ನೋವಿಲ್ಲದ ಅಂಗಾಲಿನ ಮೇಲೆ ಅಷ್ಟು ಮುಳ್ಳು ನೋಡಿದಾಗ, ನೋವು ನನ್ನ ಅಂಗಾಲಿಗೇ ಬಂದ ಹಾಗಾಯಿತು.

“ಬೂಟಿಗೆ ಒಂದು ಮುಳ್ಳೂ ಚುಚ್ಚಿಲ್ಲ,” ಎಂದೆ. “ಪಾದಕ್ಕೆ ಹೆಂಗೋ ಚುಚ್ತು?”

“ರೊಪ್ಪದಾಗೆ ಮುಳ್ಳಿರ್ದೆ ಮಲ್ಲಿಗೆ ಇರ್ತೈತೇನಕ್ಕಾ?”

ರೊಪ್ಪವೆಂದರೆ ಎತ್ತುಗಳನ್ನು ಕೂಡುವ ಮುಳ್ಳು ಬೇಲಿಯ ಆವರಣ. ಹೆಂಗಸರು ಅದರ ಹತ್ತಿರ ಹೋಗುವ ಕಟ್ಟಳೆ ಇಲ್ಲ. ಹಾಗಾಗಿ ನಾನು ಹುಟ್ಟಿದ ಹಟ್ಟಿಯಾದರೂ ಅದರ ಒಳಗನ್ನು ಎಂದೂ ಕಂಡವಳಲ್ಲ.

“ಬೂಟು ಬಿಚ್ಚಿ ಹೋಗ್ತೀಯಾ ಒಳಕ್ಕೆ?”

ನಾನು ಬುದ್ಧಿಯಿಲ್ಲದ ಮಾತು ಆಡಿದೆನೆಂಬಂತೆ ಅವನು ನನ್ನ ಮುಖ ನೋಡಿದ. “ರೊಪ್ಪದೊಳಕ್ಕೆ ಯಾರಾನ ಮೆಟ್ಟು ಹಾಕ್ಕಂಡು ಹೋಗ್ತಾರೇನೇ? ನೀನೇನು ನಮ್ ಹಟ್ಟೀಲಿ ಹುಟ್ಟಿಲ್ವಾ?”

“ದಿನಾ ಎಷ್ಟೊತ್ತು ಇರ್ತೀಯೋ ಒಳಗೆ?”

“ಬೆಳಗ್ಗೆ ಸಗಣಿ ಬಾಚೋದು, ಸಂಜೆ ಕೂಡೋದು, ಕರು ಹಾಕಿದ್ರೆ ಅಲ್ಲೇ ಇರೋದು. ಅರ್ಧ ದಿನ ಒಳಗೇ ಅನ್ಕೋ.”

“ಆ ಮೇಸ್ತ್ರಿಗೆ ಇದನ್ನ ಯಾಕೋ ಹೇಳ್ಲಿಲ್ಲ?”

“ಅವನು ಕೇಳಿದ್ನಾ? ದೇವಸ್ಥಾನಕ್ಕೆ ಹೋಗ್ವಾಗ ಮೆಟ್ಟು ಬಿಡ್ತೀನಿ ಅಂತ ನೀನು ಡಾಕ್ಟ್ರಿಗೆ ಹೇಳ್ತೀಯಾ?”

ಅವನಿಗೆ ಅದು ಹೇಳುವಂಥ ಸಂಗತಿಯೇ ಆಗಿರಲಿಲ್ಲ. ಆ ದಿನ ರಜೆ ಬರೆದುಕೊಟ್ಟು, ಮುರಿದ ಕಾಲನ್ನು ಹಾಗೇ ಗಂಟು ಕಟ್ಟಿ ಅವನನ್ನು ಕರೆದುಕೊಂಡು ದಾವಣಗೆರೆಗೆ ಹೊರಟೆ.

ಚಳ್ಳಕೆರೆಯಲ್ಲಿ ಬಸ್ಸು ಬದಲಿಸುವಾಗ ನನಗೆ ಇನ್ನೊಂದು ಯೋಚನೆ ಬಂತು. ಅವನು ಎಂದಾದರೂ ಬರಿಗೈಯಲ್ಲಿ ನಡೆಯುತ್ತಾನೆಯೇ? ಹುಲ್ಲಿನ ಹೊರೆ ಇರುತ್ತದೆ, ಕಾವಲಿನಲ್ಲಿ ಹುಟ್ಟಿದ ಕರುವನ್ನು ಹೆಗಲ ಮೇಲೆ ಹೊತ್ತು ತರುತ್ತಾನೆ, ಮೇಲೆ ಮಳೆಯಲ್ಲಿ ನೆನೆದ ಕಂಬಳಿ. ಶೇಂಗಾ ಮಂಡಿಗೆ ಕರೆದುಕೊಂಡು ಹೋಗಿ, ಕರುವಿನಷ್ಟು ತೂಗುವ ಚೀಲವೊಂದನ್ನು ಹೆಗಲಿಗೆ ಹೊರಿಸಿ ಎಂದು ಹಮಾಲಿಗೆ ಹೇಳಿ, ಊರುಗೋಲುಗಳ ಸಮೇತ ತಮ್ಮನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದೆ.

ಹಮಾಲಿ ಸುತ್ತ ಒಂದು ಪ್ರದಕ್ಷಿಣೆ ಬಂದ. “ಯಾವ ಊರಿನ ಮಾಲಮ್ಮಾ ಇದು? ಶೇಂಗಾನೋ, ರಾಗಿನೋ?”

“ಸುಮ್ನೆ ತೂಗಲೇ,” ತಮ್ಮ ಮೇಲಿನಿಂದ ಗದರಿದ. “ಬಿದ್ರೆ ನಿನ್ ಮ್ಯಾಲೇ ಬೀಳ್ತೀನಿ.”

“ಅಣ್ಣಾ, ಹಂಗ್ ಮಾತ್ರ ಮಾಡ್ಬೇಡ. ನಂಗೆ ಸಣ್ಣ ಸಣ್ಣ ಮಕ್ಳವೆ.”

ಯಂತ್ರದ ಮುಳ್ಳು ತೋರಿಸಿದ ತೂಕ ನೋಡಿ ಹಮಾಲಿಯ ನಗು ನಿಂತಿತು. ನನ್ನದು ಅದಕ್ಕಿಂತ ಮೊದಲೇ ನಿಂತಿತ್ತು. ದಾವಣಗೆರೆಯವರು ಕಾಲು ಕಟ್ಟಿದ್ದು ಒಬ್ಬ ಮನುಷ್ಯನಿಗೆ. ಅದರ ಮೇಲೆ ನಡೆದದ್ದು ಒಬ್ಬನಿಗಿಂತ ಬಹಳ ಹೆಚ್ಚು.

ಮೇಸ್ತ್ರಿಗೆ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಮೊದಲ ಬಾರಿಗೆ ಅವನು ಮಧ್ಯೆ ಬಾಯಿ ಹಾಕದೆ ಕೇಳಿದ. ಆಮೇಲೆ ತಲೆಗೆ ಕೈ ಹಚ್ಚಿದ.

“ಅಲ್ರೀ, ಈ ಪಾದ ಬೂಟಿನ ಹಿಮ್ಮಡಿ ಎತ್ತರಕ್ಕೆ ಕೂರಿಸಿದ್ದು. ಬೂಟು ತೆಗೆದ್ರೆ ಕಾಲು ಹಿಂದಕ್ಕೆ ವಾಲ್ತದೆ, ಮಂಡಿ ಹಿಂದಕ್ಕೆ ಬಾಗ್ತದೆ, ಪ್ರತಿ ಹೆಜ್ಜೆಗೂ ಭಾರ ಎಲ್ಲಾ ಪಾದದ ಮುಂಭಾಗವನ್ನೇ ಮುರೀತದೆ. ಸೀಳಿದ ಮೇಲೆ ಗಂಜಲ ಒಳಗೆ ಹೋಗಿ ಮರ ಕೊಳೀತು, ಬೋಲ್ಟು ತುಕ್ಕು ಹಿಡೀತು. ಯಜಮಾನ್ರೇ, ನಾನು ಮೂರು ಸಲ ಕೇಳ್ದೆ, ಇದ್ರಲ್ಲಿ ಕಲ್ಲು ಒಡೀತೀರಾ ಅಂತ. ನೀವು ಇಲ್ಲ ಅಂದ್ರಿ.”

“ಕಲ್ಲು ಒಡೀಲಿಲ್ವಲ್ಲಪ್ಪ,” ಎಂದ ತಮ್ಮ.

ಮೇಸ್ತ್ರಿ ಬಿರುಸಿನಿಂದ ದಾರಿ ಹುಡುಕತೊಡಗಿದ. ಬೂಟೇ ಬೇಡದ ಪಾದವಿದೆ. ಬರಿಗಾಲಿನಲ್ಲಿ ನಡೆಯುವವರಿಗೆಂದೇ ಮಾಡಿದ ರಬ್ಬರಿನದು, ಬೆರಳೂ ಇರುತ್ತವೆ, ಅಂಗಾಲು ಟೈರಿನಷ್ಟು ಗಟ್ಟಿ, ನೀರು ಒಳಗೆ ಹೋಗದು. ಸ್ವಲ್ಪ ಭಾರ. ಆದರೆ ಈ ಮೈಗೆ ಅದೊಂದು ಭಾರವಲ್ಲ. ಉಕ್ಕಿನ ಪಟ್ಟಿಗಳನ್ನು ಇನ್ನೂ ಅಗಲದವು ಹಾಕೋಣ, ಬೋಲ್ಟು ತುಕ್ಕು ಹಿಡಿಯದ್ದು ತರಿಸೋಣ. “ತೊಡೆ ಕವಚ ಮಾತ್ರ ಇದೇ ಇರ್ಲಿ. ಇದು ನನ್ನ ಆಯುಷ್ಯ ಇರೋವರೆಗೂ ಹರಿಯಲ್ಲ. ನೋಡ್ರಿ, ಒಳಗೆ ಎಂಥಾ ಮಾಲು ಹಾಕೀನಿ!”

ಹಾಗೆಂದವನೇ ಚೂರಿಯಿಂದ ನೀಲಿ ರೆಕ್ಸಿನ್ನಿನ ಅಂಚನ್ನು ಬಿಡಿಸಿ, ಒಳಗಿನ ದಪ್ಪ ಕಂದು ಪದರವನ್ನು ಬೆರಳಲ್ಲಿ ಬಾಗಿಸಿ ತೋರಿಸಿದ. “ಒಳ್ಳೇ ಎತ್ತಿನ ತೊಗಲು. ಬೆನ್ನಿನ ಭಾಗದ್ದು.”

ಕಾರ್ಖಾನೆಯಲ್ಲಿ ಅರ ಹಾಕುವ ಸದ್ದು ಎಲ್ಲೋ ಕೇಳುತ್ತಿತ್ತು. ನಾನು ತಮ್ಮನ ಕಡೆ ತಿರುಗಿ ನೋಡಲಾರದೆ ಒಂದು ಕ್ಷಣ ಗೋಡೆ ನೋಡಿದೆ. ಆಮೇಲೆ ನೋಡಿದೆ. ಅವನ ಮುಖದಲ್ಲಿ ರಕ್ತವಿರಲಿಲ್ಲ. ಲಾರಿ ಕಾಲಿನ ಮೇಲೆ ಹತ್ತಿದ ಸಂಜೆಯೂ ನಾನು ಆ ಮುಖವನ್ನು ಹಾಗೆ ಕಂಡಿರಲಿಲ್ಲ.

“ರೆಕ್ಸಿನ್ ಅಂದಿದ್ರಿ,” ಎಂದ ಮೆಲ್ಲಗೆ.

“ಮೇಲಿಂದು ರೆಕ್ಸಿನ್ನೇ ಅಲ್ರೀ. ಬರೀ ರೆಕ್ಸಿನ್ ನಿಮ್ಮ ಭಾರ ತಡೀತದಾ?” ಮೇಸ್ತ್ರಿಗೆ ಏನೂ ಅರ್ಥವಾಗಿರಲಿಲ್ಲ. ಅವನು ಸುಳ್ಳು ಹೇಳಿದವನಲ್ಲ. ಕೇಳಿದ್ದಕ್ಕೆ ಕಾಣುವ ಬಟ್ಟೆಯ ಹೆಸರು ಹೇಳಿದ್ದ, ಅಷ್ಟೆ.

ತಮ್ಮ ಬೆಂಚಿನ ಮೇಲೆ ಕುಸಿದು ಕುಳಿತ. ಕವಚ ಕಟ್ಟುತ್ತಿದ್ದ ತೊಡೆಯನ್ನು ಅಂಗೈಯಿಂದ ಉಜ್ಜುತ್ತಲೇ ಇದ್ದ, ಅಲ್ಲಿ ಏನೋ ಅಂಟಿಕೊಂಡಿರುವಂತೆ. “ಅಕ್ಕಾ, ದೊಡ್ಡ ಹೋರಿ ನನ್ ತೊಡೆ ಮೂಸ್ತಿತ್ತು. ದಿನಾ ಮೂಸ್ತಿತ್ತು. ಮೂಸಿ ಹಿಂದಕ್ಕೆ ಸರೀತಿತ್ತು. ನಂಗೇನು ಗೊತ್ತು, ಬೆವರಿನ ವಾಸ್ನೆ ಅಂದ್ಕಂಡಿದ್ದೆ.”

ಬೂಟನ್ನು ಬೇಲಿಯ ಹೊರಗೆ ಅಷ್ಟು ಎಚ್ಚರದಿಂದ ಬಿಟ್ಟು, ಮುಳ್ಳಿನ ಮೇಲೆ ಬರಿಯ ಪಾದವನ್ನು ಊರಿ, ಆ ಪಾದವನ್ನೇ ಮುರಿದುಕೊಂಡವನು ತೊಡೆಗೆ ಎತ್ತಿನ ಚರ್ಮ ಕಟ್ಟಿಕೊಂಡೇ ಎತ್ತುಗಳ ನಡುವೆ ಓಡಾಡಿದ್ದ.

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಗಾಳಿ ಬೀಸುತ್ತಿತ್ತು. ಕವಚದ ಗಂಟನ್ನು ಪಕ್ಕದಲ್ಲಿಟ್ಟುಕೊಂಡಿದ್ದ ಅವನು, “ಹಿರೀರಿಗೆ ಹೇಳ್ತೀನಿ,” ಎಂದ.

“ಹೇಳಿದ್ರೆ ಕೋಲು ಹೋಗ್ತೈತೆ ಕಣೋ. ನಡೆಯೋಕೆ ಕಾಲು ಸಿಗೋ ಹೊತ್ನಾಗೆ ಯಾಕೆ ಹೇಳ್ತೀಯಾ? ಗೊತ್ತಿರೋದು ನಿಂಗೆ, ನಂಗೆ. ಹೊಸ ಕವಚ ಬೇರೆ ಮಾಡಿಸಿದ್ರಾಯ್ತು.”

“ಅವಕ್ಕೂ ಗೊತ್ತೈತಲ್ಲಕ್ಕಾ,” ಎಂದ.

ಹಟ್ಟಿಯ ಬೇವಿನ ಮರದ ಕೆಳಗೆ ಹಿರಿಯರು ಕುಳಿತರು. ಹೆಂಗಸರು ದೂರದಲ್ಲಿ ನಿಂತಿದ್ದೆವು, ಆದರೆ ಎಲ್ಲಾ ಕೇಳುತ್ತಿತ್ತು. ತಮ್ಮ ಊರುಗೋಲು ಪಕ್ಕಕ್ಕಿಟ್ಟು ನೆಲದ ಮೇಲೆ ಕುಳಿತು, ಗಂಟು ಬಿಚ್ಚಿ ಕವಚವನ್ನು ಮುಂದಿಟ್ಟ.

“ಇದೇಮಿರಾ?” ಎಂದರು ಹಿರಿಯ ಯಜಮಾನರು. ಮೊಳಕಾಲ್ಮೂರಿನ ಗಡಿ ಕಡೆಯಿಂದ ಬಂದ ಮನೆತನ ಅವರದು, ಮೊದಲ ಮಾತು ಯಾವಾಗಲೂ ತೆಲುಗು. ಇದೇನೋ ಎಂದು ಕೇಳಿದ್ದರು.

ತಮ್ಮ ಹೇಳಿದ. ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ. ಯಾರೋ “ಅಯ್ಯೋ ಶಿವನೇ” ಎಂದರು. ಒಬ್ಬರು ಎದ್ದು ದೂರ ಹೋಗಿ ನಿಂತರು. ಪಕ್ಕದಲ್ಲಿದ್ದ ಹೆಂಗಸು ನನ್ನ ರಟ್ಟೆಯನ್ನು ಉಗುರು ನಾಟುವಂತೆ ಹಿಡಿದಿದ್ದಳು.

ಯಜಮಾನರು ಬಾಗಿ ಬೆರಳ ತುದಿಯಿಂದ ಆ ತೊಗಲನ್ನು ಮುಟ್ಟಿದರು. “ಯಾವ ಊರಿನ ಎತ್ತೋ ಪಾಪ,” ಎಂದರು. “ಹೂಡಿಸ್ಕಂಡು ಹೂಡಿಸ್ಕಂಡು ಸತ್ತಿರ್ತೈತೆ. ಮಣ್ಣು ಮಾಡ್ದೋರು ಇಲ್ಲ. ಕೊನಿಗೆ ನಮ್ ಹಟ್ಟಿಗೆ ಬಂದೈತೆ.”

ಅವರು ಟವೆಲಿನ ಅಂಚನ್ನು ಎಳೆದು ತೊಗಲನ್ನು ಮುಚ್ಚಿದರು.

“ಮಣ್ಣು ಮಾಡ್ರಿ,” ಎಂದರು.

ನಾನು ತಪ್ಪು ಕೇಳಿಸಿಕೊಂಡೆನೆಂದುಕೊಂಡೆ. ಇಲ್ಲ. ದೇವರ ಎತ್ತುಗಳನ್ನು ಹೂಳುವ ಜಾಗದಲ್ಲಿ ಗುಂಡಿ ತೋಡಿದರು. ಒಂದು ಎತ್ತಿಗೆ ಮಾಡುವ ಹಾಗೆಯೇ ಹೊಸ ಕಂಬಳಿ ತಂದರು, ಹಾಲು ತಂದರು. ಮೊಳದುದ್ದದ ಆ ತೊಗಲಿನ ತುಂಡನ್ನು ಇಡೀ ಕಂಬಳಿಯಲ್ಲಿ ಸುತ್ತಿ ಇಳಿಸಿದರು. ಗಂಡಸರು ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಮೊದಲ ಹಿಡಿ ತಮ್ಮನದು. ಒಂಟಿ ಕಾಲಿನ ಮೇಲೆ ಬಾಗಲಾರದೆ ಮಂಡಿಯೂರಿ, ಗುಂಡಿಯ ಅಂಚಿನವರೆಗೆ ತೆವಳಿಕೊಂಡು ಹೋಗಿ ಹಾಕಿದ. ಅಷ್ಟು ದೊಡ್ಡ ಮೈ ಅಳುವಾಗ ಹೇಗೆ ಅಲುಗುತ್ತದೆಂದು ಅಂದು ಕಂಡೆ. ನಾನು ಎಷ್ಟೋ ಸಾವುಗಳ ಪಕ್ಕದಲ್ಲಿ ನಿಂತು ಹಾಸಿಗೆ ಮಡಿಚಿದವಳು. ಆ ಸಂಜೆ ನನಗೆ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ.

ಮರಳಿ ಬಂದು ಕುಳಿತ ಮೇಲೆ ಯಜಮಾನರು ನನ್ನನ್ನು ಹತ್ತಿರಕ್ಕೆ ಕರೆದರು. “ಹೊಸಾ ಕಾಲ್ನಾಗೆ ತೊಗಲು ಇರ್ತೈತೇನಮ್ಮಾ?”

“ಇಲ್ರಿ. ಕವಚಾನ ಪ್ಲಾಸ್ಟಿಕ್‌ನಾಗೆ ಮಾಡ್ಸಿ, ಲಾರಿ ಸಾಮಾನು ಬಿಗಿಯೋ ನೈಲಾನ್ ಪಟ್ಟಿ ಹಾಕಿಸ್ತೀನಿ.”

“ಪಾದ?”

“ರಬ್ಬರ್ರಿ.”

“ಮೆಟ್ಟೂ ರಬ್ಬರಲ್ಲವೇ?” ಎಂದು ಹಿಂದಿನಿಂದ ಒಬ್ಬರು ಕೇಳಿದರು. ಇದನ್ನು ನಾನು ಯೋಚಿಸಿರಲಿಲ್ಲ.

“ಈ ರಬ್ಬರು ಎಲ್ಲಿಂದ ಬರ್ತೈತೆ?” ಯಜಮಾನರು ನನ್ನನ್ನೇ ಕೇಳಿದರು.

“ಮರದಿಂದ. ಮರ ಕೊಯ್ದರೆ ಹಾಲು ಸುರೀತೈತ್ರಿ. ಅದನ್ನ ಹೆಪ್ಪು ಹಾಕಿ ಮಾಡ್ತಾರೆ.”

ಅವರು ತಮ್ಮನ ಖಾಲಿ ಪಂಚೆಯ ತುದಿಯನ್ನು ನೋಡಿದರು. “ಹೊರಗೆ ಬಿಚ್ಚಿಡಾಕೆ ಬರೋದು ಮೆಟ್ಟು. ಇವ್ನು ಇದನ್ನ ಬಿಚ್ಚಿಟ್ರೆ ಒಳಕ್ಕೆ ಹೋಗೋದು ಹೆಂಗೆ? ಇದು ಕಾಲೇ. ಬೇಲಿ ಹತ್ರ ತೊಳ್ಕಂಡು ಹೋಗ್ಲಿ, ನಾವೆಲ್ಲ ತೊಳ್ಕಣಂಗೆ.” ಆಮೇಲೆ ತಮ್ಮನ ಕಡೆ ತಿರುಗಿದರು. “ಆದ್ರೆ ಹಿಂಡಿನ ಜತೆ ನಡೀಬೇಕು ನೋಡ್ಲೇ. ಆ ಮಾತು ಬದ್ಲಿಲ್ಲ.”

ಮೇಸ್ತ್ರಿ ಮೊದಲು ನೈಲಾನ್ ಪಟ್ಟಿ ಬೆವರಿಗೆ ಜಾರುತ್ತದೆ ಎಂದು ಜಗಳ ತೆಗೆದ. ಹೂತ ವಿಷಯ ಕೇಳಿದ ಮೇಲೆ ಚೂರಿ ಕೆಳಗಿಟ್ಟು, ಆ ಮಧ್ಯಾಹ್ನವೆಲ್ಲ ಸುಮ್ಮನೇ ಕೆಲಸ ಮಾಡಿದ. ಶೇಂಗಾ ಮಂಡಿಯಲ್ಲಿ ತೂಗಿದ ತೂಕಕ್ಕೆ ತಕ್ಕಂತೆ ಉಕ್ಕನ್ನು ಆರಿಸಿದ. ಜಾರುವ ಪಟ್ಟಿಗೆ ಎರಡು ಬಕಲು ಹಾಕಿದ. ರಬ್ಬರಿನ ಪಾದವನ್ನು ಹಿಮ್ಮಡಿಯ ಎತ್ತರವಿಲ್ಲದೆ, ಬರಿನೆಲಕ್ಕೆ ಸಮನಾಗಿ ಕೂರಿಸಿದ. ಈ ಸಲ ನೆಲಕ್ಕೆ ಕುಟ್ಟಿ ತೋರಿಸಲಿಲ್ಲ. ತಮ್ಮನ ಹೆಗಲಿಗೆ ಮರಳು ಚೀಲ ಹೊರಿಸಿ ಹೊರಗಿನ ಜಲ್ಲಿಯ ಮೇಲೆ ನಡೆಸಿ, ಪಕ್ಕದಿಂದ ಬಾಗಿ ಬಾಗಿ ಮಂಡಿಯನ್ನು ನೋಡಿದ.

ಮಳೆ ಬಿತ್ತು. ಹಿಂಡು ಹೊರಟ ಸುದ್ದಿ ಬಂತು. ನಾನು ಡ್ಯೂಟಿಯಲ್ಲಿದ್ದೆ, ಹೋಗಲಾಗಲಿಲ್ಲ. ಯಾವ ಬಸ್ಸಿನಿಂದ ಯಾರು ಇಳಿದರೂ ದಾರಿಯಲ್ಲಿ ಎತ್ತುಗಳನ್ನು ಕಂಡಿರಾ ಎಂದು ಕೇಳುತ್ತಿದ್ದೆ. ಕಂಡೆವು ಎಂದವರು ಹಿಂದೆ ಯಾರಿದ್ದರೆಂದು ಗಮನಿಸಿರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಜಗಲಿಯ ಮೇಲೆ ಯಾರೋ ಧೊಪ್ಪೆಂದು ಕುಳಿತ ಸದ್ದಾಯಿತು. ಊರುಗೋಲಿನ ಸದ್ದು ಕೇಳಿರಲಿಲ್ಲ. ಹೊರಗೆ ಬಂದು ನೋಡಿದರೆ ತಮ್ಮ, ಕೈಯಲ್ಲಿ ಕಿಲಾರಿಯ ಕೋಲು. ಹಿಂಡು ಜಟಿಂಗ ರಾಮೇಶ್ವರದ ಗುಡ್ಡದ ಕೆಳಗೆ ಮೇಯುತ್ತಿದೆಯೆಂದೂ, ಜೊತೆಯವನನ್ನು ಕಾವಲಿಟ್ಟು ಬಂದೆನೆಂದೂ ಹೇಳಿದ.

“ಊಟ ಹಾಕ್ತೀಯೋ, ಕಾಲು ನೋಡ್ತೀಯೋ ಮದ್ಲು?”

“ಕಾಲು,” ಎಂದೆ.

ಒಳಗಿನಿಂದ ಚಿಮಟ ತಂದು, ಅವನ ಮುಂದೆ ಕುಳಿತು, ರಬ್ಬರಿನ ಪಾದವನ್ನು ಮಡಿಲಿಗೆ ತೆಗೆದುಕೊಂಡು ತಿರುಗಿಸಿದೆ. ಬೆರಳ ಕೆಳಗೆ ಸವೆದಿತ್ತು, ಸೀಳಿರಲಿಲ್ಲ. ಮುಳ್ಳಿದ್ದವು, ಮೊದಲಿನಷ್ಟೇ. ಒಂದೊಂದಾಗಿ ಕೀಳತೊಡಗಿದೆ. ಹಿಮ್ಮಡಿಯ ಹತ್ತಿರ ಆಳಕ್ಕೆ ಹೋಗಿದ್ದ ಒಂದನ್ನು ಹಿಡಿದು ಎಳೆದೆ.

“ಮೆಲ್ಲಕೆ ಕೀಳಕ್ಕಾ! ನೋಯ್ತೈತೆ,” ಎಂದ.

ನಗುತ್ತಿದ್ದಾನೆಂದುಕೊಂಡು ತಲೆ ಎತ್ತಿದೆ. ಅವನು ನಗುತ್ತಿರಲಿಲ್ಲ. ಹಲ್ಲು ಕಚ್ಚಿ, ಕಣ್ಣು ಕಿವುಚಿಕೊಂಡಿದ್ದ. ಉಳಿದ ಮುಳ್ಳುಗಳನ್ನು ಮೆಲ್ಲಗೆ ಕಿತ್ತೆ.